ಒಂದು ಹೊಡೆತದ ಲೆಕ್ಕ

ಮಕ್ಕಳೇ, ಕ್ರಿಕೆಟ್‌ನಲ್ಲಿ ರನ್ ಹೆಚ್ಚು ಹೊಡೆದವರು ಗೆಲ್ಲುತ್ತಾರೆ. ಕಬಡ್ಡಿಯಲ್ಲಿ ಪಾಯಿಂಟ್ ಹೆಚ್ಚು ತಂದವರು ಗೆಲ್ಲುತ್ತಾರೆ. ಪರೀಕ್ಷೆಯಲ್ಲಿ ಅಂಕ ಹೆಚ್ಚು ಬಂದರೆ ಮನೆಯಲ್ಲಿ ಪಾಯಸ. ಆದರೆ ಲೆಕ್ಕ ಸಣ್ಣದಾದಷ್ಟೂ ಒಳ್ಳೆಯದು ಅನ್ನುವ ಆಟವೂ ಒಂದಿದೆ. ಬ್ಯಾಂಕಿನ ಸಾಲದ ಖಾತೆ ಇದ್ದ ಹಾಗೆ, ಬಾಕಿ ಕಡಿಮೆ ಇದ್ದವನೇ ಸುಖಿ. ಆ ಆಟ ಗಾಲ್ಫ್.

ಈ ವಾರ ಗಾಲ್ಫ್ ಬಗ್ಗೆ ಬರೆಯುತ್ತೇನೆ ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. ನಮ್ಮ ಕೆರೆಬಿಳಚಿಯ ಸುತ್ತ ಇರುವುದು ಅಡಿಕೆ ತೋಟ, ಭತ್ತದ ಗದ್ದೆ, ಪಕ್ಕದಲ್ಲಿ ಸೂಳೆಕೆರೆ. ಗಾಲ್ಫ್ ಮೈದಾನವನ್ನು ನಾನು ಟಿವಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ‘ಬಯಲುಸೀಮೆಯಲ್ಲಿ ಕೂತು ಹಡಗಿನ ಬಗ್ಗೆ ಬರೆದ ಹಾಗಾಯ್ತು’ ಅಂತ ನಿಮ್ಮಜ್ಜಿ, ಅಂದರೆ ನನ್ನ ಮನೆಯವರು, ಅಂದರು. ಇರಲಿ. ನನಗೆ ಆಟ ಆಡಲು ಬರದಿದ್ದರೂ ಲೆಕ್ಕ ಬರುತ್ತದೆ. ಗಾಲ್ಫಿನಲ್ಲಿ ಅರ್ಧಕ್ಕರ್ಧ ಲೆಕ್ಕವೇ.

ಆಟ ಅರ್ಥವಾಗುವುದು ಕಷ್ಟವೇನಲ್ಲ. ಚಿನ್ನಿದಾಂಡು, ಗೋಲಿ ಎರಡನ್ನೂ ಸೇರಿಸಿದರೆ ಗಾಲ್ಫ್. ಮೊದಲು ಚಿನ್ನಿ ಹೊಡೆದ ಹಾಗೆ ಚೆಂಡನ್ನು ದೂರಕ್ಕೆ ಹೊಡೆಯಬೇಕು. ಹತ್ತಿರ ಹೋದ ಮೇಲೆ ಗೋಲಿಯನ್ನು ಗುಂಡಿಗೆ ಉರುಳಿಸಿದ ಹಾಗೆ ಮೆಲ್ಲಗೆ ಉರುಳಿಸಿ ಕುಳಿಗೆ ಬೀಳಿಸಬೇಕು. ಇಂಥ 18 ಕುಳಿಗಳು ಒಂದು ಮೈದಾನದಲ್ಲಿ ಇರುತ್ತವೆ. ಎಲ್ಲ ಮುಗಿಸಲು ಆರು ಕಿಲೋಮೀಟರಿನಷ್ಟು ನಡೆಯಬೇಕು. ಪ್ರತಿ ಕುಳಿಗೂ ಮೂರೋ ನಾಲ್ಕೋ ಐದೋ ಹೊಡೆತ ಸಾಕು ಅಂತ ಮೊದಲೇ ನಿಗದಿ ಮಾಡಿರುತ್ತಾರೆ, ಅದಕ್ಕೆ ‘ಪಾರ್’ ಅನ್ನುತ್ತಾರೆ. ಅದಕ್ಕಿಂತ ಒಂದು ಕಡಿಮೆ ಹೊಡೆತದಲ್ಲಿ ಮುಗಿಸಿದರೆ ‘ಬರ್ಡಿ’, ಒಂದು ಹೆಚ್ಚಾದರೆ ‘ಬೋಗಿ’. ದೊಡ್ಡ ಪಂದ್ಯಗಳಲ್ಲಿ ಸಾಮಾನ್ಯವಾಗಿ ನಾಲ್ಕು ದಿನ ಆಟ. ನಾಲ್ಕೂ ದಿನದ ಹೊಡೆತಗಳನ್ನು ಕೂಡಿದಾಗ ಯಾರದು ಕಡಿಮೆಯೋ ಅವರು ಗೆದ್ದರು.

ಈ ಆಟದಲ್ಲಿ ಜಗತ್ತಿನ ದೊಡ್ಡ ದೊಡ್ಡ ಆಟಗಾರ್ತಿಯರ ಜೊತೆ ಲೆಕ್ಕ ಸರಿಸಮ ಮಾಡಿದ ಕನ್ನಡ ನಾಡಿನ ಹುಡುಗಿ ಅದಿತಿ ಅಶೋಕ್. ಹುಟ್ಟಿದ್ದು 1998ರ ಮಾರ್ಚ್ 29ರಂದು, ಬೆಂಗಳೂರಿನಲ್ಲಿ. ನನ್ನ ಮೊಮ್ಮಕ್ಕಳ ಓರಗೆಯವಳು, ಅದಕ್ಕೇ ‘ಅವರು, ಇವರು’ ಅನ್ನದೆ ಏಕವಚನದಲ್ಲೇ ಬರೆಯುತ್ತಿದ್ದೇನೆ. ಪ್ರೀತಿಯ ಸಲಿಗೆ ಅಂದುಕೊಳ್ಳಿ.

ಅದಿತಿಯ ಮನೆಯಲ್ಲಿ ಯಾರೂ ಗಾಲ್ಫ್ ಆಡಿದವರಲ್ಲ. ಅಪ್ಪ ಅಶೋಕ್ ಗುಡ್ಲಮಣಿ, ಅಮ್ಮ ಮಹೇಶ್ವರಿ. ಮಗಳ ಜೊತೆ ಅವರು ತಿಂಡಿಗೆ ಹೋಗುತ್ತಿದ್ದ ಹೋಟೆಲೊಂದರಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಕಾಣುತ್ತಿತ್ತು. ಅಲ್ಲಿ ಜನ ಚೆಂಡು ಹೊಡೆಯುವುದನ್ನು ನೋಡಿ ಕುತೂಹಲವಾಗಿ ಒಂದು ದಿನ ಒಳಗೆ ಹೋದರು. ಅದಿತಿಗೆ ಆಗ ಐದು ವರ್ಷ. ಪುಟ್ಟ ಮಗುವಿಗೆ ದೂರ ಹೊಡೆಯುವ ಶಕ್ತಿ ಎಲ್ಲಿಂದ ಬರಬೇಕು? ಅವಳು ಶುರು ಮಾಡಿದ್ದು ಕುಳಿಯ ಹತ್ತಿರದ ಆಟದಿಂದ, ಮೆಲ್ಲಗೆ ಉರುಳಿಸುವ ಆಟದಿಂದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಜ್ಜಂದಿರಿಗಾಗಿ ಒಂದು ಮಾತು. ಆ ಗಾಲ್ಫ್ ಮೈದಾನ ಇರುವ ಜಾಗ ಒಂದು ಕಾಲಕ್ಕೆ ಚಲ್ಲಘಟ್ಟ ಕೆರೆ. ದೊಮ್ಮಲೂರಿನ ಕಡೆಯ ಆ ಕೆರೆಯ ಅಂಗಳವೇ ಹುಲ್ಲುಹಾಸಿನ ಮೈದಾನವಾಯಿತು. ಹೆಸರಿನಲ್ಲೇ ಕೆರೆ ಇಟ್ಟುಕೊಂಡ ಊರಿನವನಾದ ನನಗೆ ಇದು ಸ್ವಲ್ಪ ಚುಚ್ಚುತ್ತದೆ. ನಮ್ಮ ಸೂಳೆಕೆರೆಯನ್ನು ಯಾರಾದರೂ ಬತ್ತಿಸಿ ಹುಲ್ಲು ಹಾಕುತ್ತೇವೆ ಅಂದರೆ ಚನ್ನಗಿರಿ ತಾಲ್ಲೂಕೇ ಎದ್ದು ನಿಲ್ಲುತ್ತದೆ. ಆದರೆ ಐದು ವರ್ಷದ ಮಗುವಿಗೆ ಆ ಲೆಕ್ಕ ಗೊತ್ತಿರಲಿಲ್ಲ, ಅದನ್ನು ಅವಳ ಖಾತೆಗೆ ಬರೆಯುವುದೂ ಸರಿಯಲ್ಲ.

ಮುಂದೆ ಅವಳು ಬಲು ಬೇಗ ಬೆಳೆದಳು. 2011ರಲ್ಲಿ, ಹದಿಮೂರನೇ ವಯಸ್ಸಿನಲ್ಲಿ, ದುಡ್ಡಿಗಾಗಿ ಆಡುವ ವೃತ್ತಿಪರ ಆಟಗಾರ್ತಿಯರ ಜೊತೆ ಆಡಿ ಪಂದ್ಯವನ್ನೇ ಗೆದ್ದಳು. ಹವ್ಯಾಸಿಯಾಗಿ ಆಡುವವರು ಬಹುಮಾನದ ಹಣ ಮುಟ್ಟುವಂತಿಲ್ಲ ಎಂಬುದು ಆಗಿನ ನಿಯಮ. ಗೆದ್ದದ್ದು ಅವಳು, ದುಡ್ಡು ಇನ್ನೊಬ್ಬರಿಗೆ. 2014ರಲ್ಲಿ ಒಂದೇ ವರ್ಷ ರಾಷ್ಟ್ರೀಯ ಜೂನಿಯರ್ ಪ್ರಶಸ್ತಿಯನ್ನೂ ಹಿರಿಯರ ಪ್ರಶಸ್ತಿಯನ್ನೂ ಗೆದ್ದಳು. ಓದಿದ್ದು ಬೆಂಗಳೂರಿನ ಫ್ರಾಂಕ್ ಆಂಟನಿ ಪಬ್ಲಿಕ್ ಶಾಲೆಯಲ್ಲಿ. 2015ರ ಡಿಸೆಂಬರಿನಲ್ಲಿ ಮೊರಾಕೊ ದೇಶಕ್ಕೆ ಹೋಗಿ ಯುರೋಪಿನ ಮಹಿಳಾ ಟೂರ್‌ಗೆ ಸೇರುವ ಅರ್ಹತಾ ಪಂದ್ಯದಲ್ಲಿ ಮೊದಲ ಸ್ಥಾನ ಪಡೆದಳು. ಆಗ ವಯಸ್ಸು ಹದಿನೇಳು. 2016ರ ಜನವರಿ 1ರಿಂದ ವೃತ್ತಿಪರ ಆಟಗಾರ್ತಿ. ಹನ್ನೆರಡನೇ ತರಗತಿ ಮುಗಿಸಿದ್ದೂ ಅದೇ ವರ್ಷ.

ಗಾಲ್ಫಿನಲ್ಲಿ ಆಟಗಾರರ ಜೊತೆ ಇನ್ನೊಬ್ಬರು ನಡೆಯುತ್ತಾರೆ. ಅವರೇ ಕ್ಯಾಡಿ. ಆಟಕ್ಕೆ ಹೆಚ್ಚೆಂದರೆ 14 ಕೋಲು ಒಯ್ಯಬಹುದು. ಆ ಕೋಲುಗಳು, ಚೆಂಡು, ನೀರು, ಕೊಡೆ ತುಂಬಿದ ಚೀಲ ಹೊತ್ತು ಕ್ಯಾಡಿ ಹಿಂದೆ ಮುಂದೆ ನಡೆಯಬೇಕು. ಗಾಳಿ ಯಾವ ಕಡೆ, ಇಳಿಜಾರು ಎಷ್ಟು, ಯಾವ ಕೋಲು ಅಂತ ಸಲಹೆ ಕೊಡಬೇಕು. ದೊಡ್ಡ ಆಟಗಾರರು ಇದಕ್ಕೆ ಸಂಬಳ ಕೊಟ್ಟು ಜನ ಇಟ್ಟುಕೊಳ್ಳುತ್ತಾರೆ, ಗೆದ್ದ ದುಡ್ಡಿನಲ್ಲಿ ಪಾಲೂ ಕೊಡುತ್ತಾರೆ. ಬೆಂಗಳೂರಿನಲ್ಲಿ ಹೀಗೆ ಬೇರೆಯವರ ಚೀಲ ಹೊರುತ್ತಲೇ ಆಟ ಕಲಿತ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಆ ಕಥೆ ಇನ್ನೊಂದು ವಾರಕ್ಕೆ ಸಾಕಾಗುವಷ್ಟಿದೆ. ಅದಿತಿಯ ಚೀಲವನ್ನು ಮಾತ್ರ ಬಹಳ ಸಲ ಅವಳ ಮನೆಯವರೇ ಹೊತ್ತರು.

2016ರಲ್ಲಿ ಬ್ರೆಜಿಲಿನ ರಿಯೊ ಒಲಿಂಪಿಕ್ಸ್‌ನಲ್ಲಿ ಗಾಲ್ಫ್ ಮತ್ತೆ ಸೇರಿತು. ಮಹಿಳೆಯರ ಗಾಲ್ಫ್ ಅದಕ್ಕೆ ಮುಂಚೆ ಒಲಿಂಪಿಕ್ಸ್‌ನಲ್ಲಿ ಇದ್ದದ್ದು 1900ರಲ್ಲಿ, ನನ್ನ ಅಜ್ಜನ ಕಾಲದಲ್ಲಿ. ಅಲ್ಲಿದ್ದ ಆಟಗಾರ್ತಿಯರಲ್ಲೆಲ್ಲ ಚಿಕ್ಕವಳು ಹದಿನೆಂಟರ ಅದಿತಿ. ಚೀಲ ಹೊತ್ತವರು ಅಪ್ಪ. ಮೊದಲೆರಡು ದಿನ 68, 68 ಅಂತ ಆಡಿ ಮುಂಚೂಣಿಯವರ ಬೆನ್ನಿಗೇ ಇದ್ದಳು. ಮೂರನೇ ದಿನ 79, ನಾಲ್ಕನೇ ದಿನ 76. ಕೊನೆಗೆ 41ನೇ ಸ್ಥಾನ.

ಮೂರು ತಿಂಗಳಲ್ಲಿ ಗುರುಗ್ರಾಮದಲ್ಲಿ ಮಹಿಳೆಯರ ಇಂಡಿಯನ್ ಓಪನ್ ನಡೆಯಿತು. ಅದು ಮೂರೇ ದಿನದ ಪಂದ್ಯ. ಅದಿತಿ ಕೊನೆಯ ಕುಳಿಯನ್ನು ಬರ್ಡಿಯಲ್ಲಿ ಮುಗಿಸಿ ಒಟ್ಟು 213 ಹೊಡೆತದಲ್ಲಿ ಗೆದ್ದಳು. ಅಂತರ ಒಂದೇ ಹೊಡೆತ. ಯುರೋಪಿನ ಮಹಿಳಾ ಟೂರ್‌ನ ಪಂದ್ಯವೊಂದನ್ನು ಗೆದ್ದ ಮೊದಲ ಭಾರತೀಯಳು ಅವಳು. ಎರಡು ವಾರ ಬಿಟ್ಟು ಕತಾರ್‌ನಲ್ಲಿ ಇನ್ನೊಂದನ್ನು ಗೆದ್ದಳು. ಆ ವರ್ಷ ಟೂರ್‌ಗೆ ಹೊಸದಾಗಿ ಬಂದವರಲ್ಲಿ ಶ್ರೇಷ್ಠಳು ಎಂಬ ಗೌರವವೂ ಸಿಕ್ಕಿತು. ಗುರುಗ್ರಾಮದ ಆ ಒಂದು ಹೊಡೆತವನ್ನು ಜಮಾ ಪುಟದಲ್ಲಿ ಬರೆದಿಡಿ.

ಇನ್ನು ಟೋಕಿಯೊಗೆ ಬರೋಣ. 2020ರಲ್ಲಿ ಆಗಬೇಕಿದ್ದ ಒಲಿಂಪಿಕ್ಸ್ ಕೊರೊನಾದಿಂದ 2021ಕ್ಕೆ ಹೋಯಿತಲ್ಲ, ಅದು. ಒಲಿಂಪಿಕ್ಸ್‌ಗೆ ಕೆಲವು ವಾರ ಮುಂಚೆ ಅದಿತಿಗೂ ಕೊರೊನಾ ಬಂದಿತ್ತು. ಮೊದಲೇ ದೂರ ಹೊಡೆಯುವವರಲ್ಲಿ ಅವಳು ಹಿಂದೆ. ಕಾಯಿಲೆಯಿಂದ ಎದ್ದ ಮೇಲೆ ಕೈಯಲ್ಲಿ ಇನ್ನೂ ಬಲ ಕಡಿಮೆಯಾಗಿತ್ತು. ಅರವತ್ತು ಆಟಗಾರ್ತಿಯರ ಆ ಗುಂಪಿನಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಪೈಕಿ ಅವಳೊಬ್ಬಳು. ಲೋಕದ ರ‍್ಯಾಂಕಿಂಗ್‌ನಲ್ಲಿ ಅವಳ ಸ್ಥಾನ 200. ಎದುರಿಗಿದ್ದ ಅಮೆರಿಕದ ನೆಲ್ಲಿ ಕೊರ್ಡಾ ಸ್ಥಾನ ಒಂದು. ಈ ಸಲ ಚೀಲ ಹೊತ್ತವರು ಅಮ್ಮ ಮಹೇಶ್ವರಿ. ಜಪಾನಿನ ಆಗಸ್ಟ್ ತಿಂಗಳ ಧಗೆಯಲ್ಲಿ ಹತ್ತು ಹದಿನೈದು ಕೆಜಿ ಚೀಲ ಹೊತ್ತು ನಾಲ್ಕು ದಿನ ನಡೆಯುವುದು ಎಷ್ಟು ಕಷ್ಟ ಅಂತ ನೀರು ಹೊತ್ತ ಅಜ್ಜಿಯರನ್ನು ಕೇಳಿ, ಹೇಳುತ್ತಾರೆ.

ಮೊದಲ ದಿನ 67. ಎರಡನೇ ದಿನ 66. ಮೂರನೇ ದಿನ 68. ಮೂರು ದಿನ ಮುಗಿದಾಗ ಅದಿತಿ ಎರಡನೇ ಸ್ಥಾನದಲ್ಲಿದ್ದಳು! ದೂರ ಹೊಡೆಯಲಾಗದವಳು ಅಲ್ಲಿ ಹೇಗೆ ನಿಂತಳು? ಐದು ವರ್ಷಕ್ಕೆ ಶುರು ಮಾಡಿದ್ದಳಲ್ಲ, ಆ ಮೆಲ್ಲಗೆ ಉರುಳಿಸುವ ಆಟದಿಂದ. ಬೇರೆಯವರು ಎರಡೇ ಹೊಡೆತದಲ್ಲಿ ಕುಳಿಯ ಹತ್ತಿರ ಬಂದು ಅಲ್ಲಿ ಎರಡು ಹೊಡೆತ ಕಳೆಯುತ್ತಿದ್ದರು. ಅದಿತಿ ದೂರದಿಂದಲೇ ಉರುಳಿಸಿ ಒಂದರಲ್ಲೇ ಮುಗಿಸುತ್ತಿದ್ದಳು. ಆಕಾಶಕ್ಕೆ ಹಾರಿದ ಹೊಡೆತಕ್ಕೂ ಒಂದೇ ಲೆಕ್ಕ, ಒಂದು ಗೇಣು ಉರುಳಿದ ಹೊಡೆತಕ್ಕೂ ಒಂದೇ ಲೆಕ್ಕ. ಈ ಆಟದಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಕೌಂಟರಿನಲ್ಲಿ ಐದು ಲಕ್ಷದ ಚೆಕ್ಕಿಗೂ ಒಂದೇ ವೋಚರ್, ಐವತ್ತು ರೂಪಾಯಿಗೂ ಒಂದೇ ವೋಚರ್ ಇದ್ದ ಹಾಗೆ.

ಆಗಸ್ಟ್ 7, ಶನಿವಾರ, ಕೊನೆಯ ದಿನ. ಅವತ್ತೇ ಸಂಜೆ ನೀರಜ್ ಚೋಪ್ರಾ ಜಾವೆಲಿನ್ ಎಸೆದು ಚಿನ್ನ ಗೆದ್ದದ್ದು ಎಲ್ಲರಿಗೂ ನೆನಪಿದೆ. ಆ ಬೆಳಗ್ಗೆ ಏನಾಯಿತು ಅಂತ ಎಷ್ಟು ಜನಕ್ಕೆ ನೆನಪಿದೆ? ಬೆಳಗ್ಗೆ ಟಿವಿ ಮುಂದೆ ನಾವು ಅಜ್ಜ ಮೊಮ್ಮಕ್ಕಳೆಲ್ಲ ಕೂತಿದ್ದೆವು. ಬರ್ಡಿ ಅಂದರೇನು ಬೋಗಿ ಅಂದರೇನು ಅಂತ ಊರಿಗೆ ಊರೇ ಅವತ್ತು ಕಲಿಯಿತು. ಮಳೆ ಗುಡುಗಿನ ಭಯಕ್ಕೆ ನಡುವೆ ಆಟ ಸ್ವಲ್ಪ ಹೊತ್ತು ನಿಂತಿತು. ಮತ್ತೆ ಶುರುವಾದಾಗ ನೆಲ್ಲಿ ಕೊರ್ಡಾ ಮುಂದೆ, ಅವಳ ಹಿಂದೆ ಜಪಾನಿನ ಮೊನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೊ, ನಮ್ಮ ಅದಿತಿ. ಕೊನೆಯ ಕುಳಿಗೆ ಬಂದಾಗ ಅದಿತಿ ಒಂದು ಹೊಡೆತ ಹಿಂದೆ. ಅಲ್ಲಿ ಬರ್ಡಿ ಆಗಿದ್ದರೆ ಪದಕಕ್ಕೆ ಸಮ. ದೂರದಿಂದ ಉರುಳಿಸಿದಳು. ಚೆಂಡು ಕುಳಿಯ ಪಕ್ಕದಲ್ಲೇ ಹಾದು ಹೋಯಿತು.

ಒಟ್ಟು ಲೆಕ್ಕ ಹೀಗಿತ್ತು: ಕೊರ್ಡಾ 267, ಇನಾಮಿ ಮತ್ತು ಕೊ 268, ಅದಿತಿ 269. ನಾಲ್ಕು ದಿನ, 72 ಕುಳಿ, 269 ಹೊಡೆತ. ಪದಕ ತಪ್ಪಿದ್ದು ಒಂದು ಹೊಡೆತಕ್ಕೆ. ಚಿನ್ನದಿಂದ ಅವಳಿಗಿದ್ದ ದೂರವೇ ಎರಡು ಹೊಡೆತ.

‘ನಾಲ್ಕನೆಯವರಿಗೆ ಏನು ಕೊಡ್ತಾರೆ ಅಜ್ಜ?’ ಅಂತ ನನ್ನ ಮೊಮ್ಮಗಳು ಕೇಳಿದಳು. ಒಲಿಂಪಿಕ್ಸ್‌ನಲ್ಲಿ ಮೊದಲ ಎಂಟು ಜನಕ್ಕೆ ಒಂದು ಪ್ರಮಾಣಪತ್ರ ಕೊಡುತ್ತಾರೆ ಅಂದೆ. ‘ಕೊರಳಿಗೆ ಹಾಕಲ್ವಾ?’ ಅಂದಳು. ಇಲ್ಲ. ಅವಳು ಸಿಟ್ಟು ಮಾಡಿಕೊಂಡು ಎದ್ದು ಹೋದಳು. ಆ ಸಿಟ್ಟು ನನಗೂ ಇತ್ತು. ಪತ್ರಿಕೆಗಳಲ್ಲಿ ‘ಹೃದಯ ಗೆದ್ದಳು’ ಅಂತ ಬರೆದರು. ನನಗೆ ಆ ಮಾತು ಅಷ್ಟು ಹಿಡಿಸಲಿಲ್ಲ. ಅವಳು ಹೃದಯ ಗೆಲ್ಲಲು ಹೋಗಿರಲಿಲ್ಲ, ಪದಕ ಗೆಲ್ಲಲು ಹೋಗಿದ್ದಳು. ತಪ್ಪಿತು ಅಂದರೆ ತಪ್ಪಿತು ಅಂತಲೇ ಬರೆಯಬೇಕು. ನಷ್ಟವನ್ನು ಲಾಭದ ಕಲಮಿನಲ್ಲಿ ಬರೆದರೆ ಬ್ಯಾಲೆನ್ಸ್ ಶೀಟ್ ಚೆಂದ ಕಾಣಬಹುದು, ಸತ್ಯವಾಗುವುದಿಲ್ಲ.

ಲೆಕ್ಕದ ಮಾತು ಬಂತಲ್ಲ, ಈ ಆಟದಲ್ಲಿ ಲೆಕ್ಕ ಬರೆಯುವುದು ಹೇಗೆ ಗೊತ್ತೇ? ಇದನ್ನು ಓದಿ ತಿಳಿದ ದಿನ ನನಗೆ ಗಾಲ್ಫ್ ಮೇಲೆ ಗೌರವ ಹೆಚ್ಚಾಯಿತು. ಕ್ರಿಕೆಟ್‌ನಲ್ಲಿ ರನ್ ಬರೆಯಲು ಸ್ಕೋರರ್ ಬೇರೆ ಇರುತ್ತಾರೆ. ಗಾಲ್ಫಿನಲ್ಲಿ ನಿಮ್ಮ ಹೊಡೆತಗಳನ್ನು ಬರೆಯುವುದು ನಿಮ್ಮ ಜೊತೆ ಆಡುವ ಎದುರಾಳಿ. ಅವರ ಹೊಡೆತಗಳನ್ನು ಬರೆಯುವುದು ನೀವು. ಆಟ ಮುಗಿದ ಮೇಲೆ ನಿಮ್ಮ ಕಾರ್ಡನ್ನು ನೀವು ಕುಳಿ ಕುಳಿಯಾಗಿ ತಾಳೆ ನೋಡಿ ಸಹಿ ಹಾಕಿ ಕೊಡಬೇಕು. ಒಬ್ಬರು ಬರೆಯುವುದು, ಇನ್ನೊಬ್ಬರು ಪರಿಶೀಲಿಸುವುದು, ಇಬ್ಬರ ಸಹಿ. ನಮ್ಮ ಕಾಲದ ಲೆಡ್ಜರ್ ಪದ್ಧತಿಯೇ ಇದು! ಯಾವುದೋ ಕುಳಿಗೆ ನಿಜಕ್ಕಿಂತ ಕಡಿಮೆ ಹೊಡೆತ ಬರೆದ ಕಾರ್ಡಿಗೆ ಸಹಿ ಹಾಕಿಕೊಟ್ಟರೆ ಪಂದ್ಯದಿಂದಲೇ ಹೊರಗೆ. ಹೆಚ್ಚು ಬರೆದದ್ದಕ್ಕೆ ಸಹಿ ಹಾಕಿದರೆ ಆ ಹೆಚ್ಚಿನ ಲೆಕ್ಕವೇ ಖಾಯಂ.

ಈ ನಿಯಮಕ್ಕೆ ಸಿಕ್ಕಿ ನಲುಗಿದವರು ಅರ್ಜೆಂಟೀನಾದ ರೊಬರ್ತೊ ಡಿ ವಿಸೆಂಜೊ. 1968ರ ಏಪ್ರಿಲ್ 14. ಅಮೆರಿಕದ ಅಗಸ್ಟಾದಲ್ಲಿ ಮಾಸ್ಟರ್ಸ್ ಎಂಬ ಬಹು ದೊಡ್ಡ ಪಂದ್ಯದ ಕೊನೆಯ ದಿನ. ಅವತ್ತು ಅವರ 45ನೇ ಹುಟ್ಟುಹಬ್ಬ ಬೇರೆ. ಚೆನ್ನಾಗಿ ಆಡಿ ಬಾಬ್ ಗೋಲ್ಬಿ ಎಂಬ ಆಟಗಾರನಿಗೆ ಸಮನಾಗಿ ಮುಗಿಸಿದರು. ಆದರೆ 17ನೇ ಕುಳಿಯಲ್ಲಿ ಅವರು ಮೂರು ಹೊಡೆತದಲ್ಲಿ ಮುಗಿಸಿದ್ದನ್ನು ಜೊತೆಯ ಆಟಗಾರ ನಾಲ್ಕು ಅಂತ ಬರೆದುಬಿಟ್ಟಿದ್ದ. ಡಿ ವಿಸೆಂಜೊ ನೋಡದೆ ಸಹಿ ಹಾಕಿ ಕೊಟ್ಟರು. ಸುತ್ತ ಸಾವಿರಾರು ಜನ ಮೂರೇ ಹೊಡೆತ ನೋಡಿದ್ದರು, ಟಿವಿಯಲ್ಲಿ ಲೋಕವೇ ನೋಡಿತ್ತು. ಏನೂ ಪ್ರಯೋಜನವಾಗಲಿಲ್ಲ. ಸಹಿ ಹಾಕಿದ ಲೆಕ್ಕವೇ ಲೆಕ್ಕ. 277ರ ಬದಲು 278 ಆಯಿತು, ಗೋಲ್ಬಿ ಗೆದ್ದರು. ಡಿ ವಿಸೆಂಜೊ ಬರೆದವನನ್ನು ಬೈಯಲಿಲ್ಲ, ತಪ್ಪು ತನ್ನದೇ ಅಂದರು. ಸಹಿ ಹಾಕುವ ಮುಂಚೆ ಓದಿ ಅಂತ ನಾವು ಕೌಂಟರಿನಲ್ಲಿ ಜನಕ್ಕೆ ದಿನಕ್ಕೆ ನೂರು ಸಲ ಹೇಳುತ್ತಿದ್ದೆವು. ಈ ಕಥೆ ಆಗಲೇ ಗೊತ್ತಿದ್ದರೆ ಇದನ್ನೇ ಹೇಳುತ್ತಿದ್ದೆ.

ಮತ್ತೆ ಅದಿತಿಯ ಕಡೆ ಬರೋಣ. 2023 ಅವಳಿಗೆ ಸಿಹಿ ಕಹಿ ಎರಡೂ ಕೊಟ್ಟ ವರ್ಷ. ಫೆಬ್ರುವರಿಯಲ್ಲಿ ಆಫ್ರಿಕಾದ ಕೀನ್ಯಾದಲ್ಲಿ ಒಂಬತ್ತು ಹೊಡೆತಗಳ ಅಂತರದಿಂದ ಗೆದ್ದಳು. ಒಂದು ಹೊಡೆತಕ್ಕೆ ಜನ ಪರದಾಡುವ ಆಟದಲ್ಲಿ ಒಂಬತ್ತು! ಆಮೇಲೆ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಮೂವರು ಸಮನಾಗಿ, ಮತ್ತೆ ಆಡಿಸಿದಾಗ ಆಸ್ಟ್ರೇಲಿಯಾದ ಹ್ಯಾನಾ ಗ್ರೀನ್ ಗೆದ್ದಳು, ಅದಿತಿಗೆ ಕೈತಪ್ಪಿತು.

ಅದೇ ವರ್ಷ ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಕ್ರೀಡಾಕೂಟ. ಅದಿತಿ ಮೊದಲ ದಿನ 67, ಎರಡನೇ ದಿನ 66, ಮೂರನೇ ದಿನ 61. ಅರವತ್ತೊಂದು ಅಂದರೆ ಅಲ್ಲಿಯ ಪಾರ್‌ಗಿಂತ ಹನ್ನೊಂದು ಕಡಿಮೆ. ಕೊನೆಯ ದಿನಕ್ಕೆ ಏಳು ಹೊಡೆತ ಮುಂದಿದ್ದಳು. ಚಿನ್ನ ಮನೆಗೆ ಬಂತು ಅಂತ ಎಲ್ಲರೂ ಅಂದುಕೊಂಡಿದ್ದೆವು. ಅಕ್ಟೋಬರ್ 1ರ ಭಾನುವಾರ ಅವಳ ಕೈ ಹಿಡಿಯಲಿಲ್ಲ. 77 ಹೊಡೆತ ತೆಗೆದುಕೊಂಡಳು. ಥಾಯ್ಲೆಂಡಿನ ಅರ್ಪಿಚಾಯಾ ಯುಬೋಲ್ ಎರಡು ಹೊಡೆತ ಮುಂದೆ ಹೋಗಿ ಚಿನ್ನ ಗೆದ್ದಳು. ಅದಿತಿಗೆ ಬೆಳ್ಳಿ. ಏಷ್ಯನ್ ಕ್ರೀಡಾಕೂಟದ ಗಾಲ್ಫಿನಲ್ಲಿ ಪದಕ ಗೆದ್ದ ಭಾರತದ ಮೊದಲ ಮಹಿಳೆ ಅವಳೇ. ಈ ಸಲ ಕೊರಳಿಗೆ ಹಾಕಿದರು. ಆದರೂ ನನ್ನ ಮೊಮ್ಮಗಳು ಹೇಳಿದ್ದು ಬೇರೆ: ‘ಅಜ್ಜ, ಟೋಕಿಯೊದಲ್ಲಿ ನಾಲ್ಕನೆಯವಳಾಗಿ ಅಷ್ಟು ಚೆನ್ನಾಗಿ ಆಡಿದ್ದಳು, ಇಲ್ಲಿ ಎರಡನೆಯವಳಾಗಿ ಬೇಜಾರಾಗಿದ್ದಾಳೆ.’ ಅಂಕಪಟ್ಟಿಯಲ್ಲಿ ಕಾಣದ್ದನ್ನು ಮಕ್ಕಳು ನೋಡುತ್ತಾರೆ. ನಾನು ಉತ್ತರ ಕೊಡಲು ಹೋಗಲಿಲ್ಲ.

ಹಾಂಗ್‌ಝೌ ಮುಗಿದು ಎರಡು ತಿಂಗಳಾಗುವ ಮೊದಲೇ, ನವೆಂಬರಿನಲ್ಲಿ, ಸ್ಪೇನ್ ದೇಶದ ಓಪನ್ ಪಂದ್ಯವನ್ನು ಅದಿತಿ ಗೆದ್ದಳು. ಯುರೋಪಿನ ಟೂರ್‌ನಲ್ಲಿ ಅದು ಅವಳ ಐದನೇ ಗೆಲುವು. 2024ರ ಪ್ಯಾರಿಸ್‌ನಲ್ಲಿ ಮೂರನೇ ಒಲಿಂಪಿಕ್ಸ್ ಆಡಿದಳು, 29ನೇ ಸ್ಥಾನ ಬಂತು. ಅರ್ಜುನ ಪ್ರಶಸ್ತಿ ಟೋಕಿಯೊಗೂ ಮೊದಲೇ, 2020ರಲ್ಲೇ ಬಂದಿತ್ತು. ಅವಳ ಖಾತೆ ಇನ್ನೂ ಮುಚ್ಚಿಲ್ಲ, ಆಡುತ್ತಿದ್ದಾಳೆ.

ಈ ವಾರದ ಕೆಲಸ. ಗಾಲ್ಫ್ ಕುಳಿಯ ಬಾಯಿ ನಿಮ್ಮ ಶಾಲೆಯ ಸ್ಕೇಲಿನಲ್ಲಿ 10.8 ಸೆಂಟಿಮೀಟರ್. ಚೆಂಡು ಅದರ ಅರ್ಧಕ್ಕೂ ಕಡಿಮೆ, ಸುಮಾರು 4.3 ಸೆಂಟಿಮೀಟರ್. ಮನೆಯಲ್ಲಿ ಬಾಯಿ ಅಷ್ಟಗಲ ಇರುವ ಚೊಂಬನ್ನು ಹುಡುಕಿ ಅಂಗಳದಲ್ಲಿ ಮಲಗಿಸಿ. ಹತ್ತು ಅಡಿ ದೂರದಿಂದ ಸಣ್ಣ ರಬ್ಬರ್ ಚೆಂಡನ್ನು ಅದರೊಳಗೆ ಉರುಳಿಸಬೇಕು. ಅಜ್ಜನಿಗೆ ಒಂಬತ್ತು ಸರದಿ, ಮೊಮ್ಮಕ್ಕಳಿಗೆ ಒಂಬತ್ತು ಸರದಿ. ಅಜ್ಜನ ಹೊಡೆತ ಮೊಮ್ಮಕ್ಕಳು ಬರೆಯಬೇಕು, ಮೊಮ್ಮಕ್ಕಳದು ಅಜ್ಜ ಬರೆಯಬೇಕು. ಕೊನೆಗೆ ಓದಿ ನೋಡಿ, ಆಮೇಲೆ ಸಹಿ ಹಾಕಿ. ಹೊಡೆಯಲು ಕೋಲು ಸಿಗದಿದ್ದರೆ ಅಜ್ಜನ ಊರುಗೋಲೇ ಆಗುತ್ತದೆ. ಕೇಳಿ ತೆಗೆದುಕೊಳ್ಳಿ.